ಎಸೆನ್ಷಿಯಲ್ ಆಯಿಲ್ ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸುಗಂಧ ತೈಲಗಳ ಮಾತು ಬಂದಾಗೆಲ್ಲ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಎದುರಿಗೇ ಕೇಳಿದ್ದು, ಕೆಲವು ಪತ್ರದಲ್ಲಿ ಬಂದದ್ದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮೂಸಲು ಒಳ್ಳೆಯದು, ಹಚ್ಚುವುದಾದರೆ ಬೇರೆ ಎಣ್ಣೆಯಲ್ಲಿ ಬೆರೆಸಿಯೇ ಹಚ್ಚಬೇಕು, ಕುಡಿಯುವುದು ಬೇಡ.

## ಮೊದಲು ತಿಳಿಯಬೇಕಾದದ್ದು

ಎಸೆನ್ಷಿಯಲ್ ಆಯಿಲ್ ಅಂದ್ರೆ ನಾವು ತಲೆಗೆ ಹಚ್ಚೋ ಎಣ್ಣೆ ತರಹದ್ದೇನಾ?

ಅಲ್ಲ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಇವೆಲ್ಲ ಜಿಡ್ಡು. ಕಾಗದದ ಮೇಲೆ ಬಿದ್ದರೆ ಕಲೆ ಹಾಗೇ ಉಳಿಯುತ್ತದೆ. ಎಸೆನ್ಷಿಯಲ್ ಆಯಿಲ್ ಬಹುಪಾಲು ಆರಿಹೋಗುತ್ತದೆ. ಗಿಡದ ಹೂವು, ಎಲೆ, ತೊಗಟೆ, ಬೇರಿನಲ್ಲಿರುವ ಪರಿಮಳದ ಅಂಶವನ್ನಷ್ಟೇ ಹಬೆ ಹಾಯಿಸಿ ಬಟ್ಟಿ ಇಳಿಸಿ ತೆಗೆದದ್ದು ಇದು. ನಿಂಬೆ, ಕಿತ್ತಳೆಯಂಥವನ್ನು ಸಿಪ್ಪೆ ಹಿಂಡಿ ತೆಗೆಯುತ್ತಾರೆ.

ಎಷ್ಟು ಗಾಢ ಎಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಕೆಜಿ ಗುಲಾಬಿ ತೈಲಕ್ಕೆ ಸುಮಾರು 3ರಿಂದ 4 ಸಾವಿರ ಕೆಜಿ ಹೂವು ಬೇಕು. ಎಲ್ಲ ಗಿಡಗಳದ್ದೂ ಇಷ್ಟೇ ಅಲ್ಲ, ನೀಲಗಿರಿ ಎಲೆಯಲ್ಲಿ ತೈಲ ಧಾರಾಳವಾಗಿದೆ. ಆದರೂ ಒಂದು ಹನಿಯನ್ನು ಒಂದು ಎಲೆಗೆ ಸಮ ಎಂದು ಎಣಿಸಬಾರದು.

ಗಿಡದಿಂದ ಬಂದದ್ದು ತಾನೆ, ಅದರಿಂದೇನು ಅಪಾಯ?

ಅತಿ ಹೆಚ್ಚು ತೊಂದರೆಗಳು ಶುರುವಾಗುವುದು ಈ ನಂಬಿಕೆಯಿಂದಲೇ. ನೋವಿನ ಮುಲಾಮಿನಲ್ಲಿ ಮೂಗಿಗೆ ಘಾಟಾಗಿ ಬಡಿಯುವ ವಾಸನೆ ಗೊತ್ತಲ್ಲ, ಅದು ವಿಂಟರ್‌ಗ್ರೀನ್ ಎಂಬ ಗಿಡದ ತೈಲದ್ದು. ಆ ತೈಲದ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್. ಆಸ್ಪಿರಿನ್ ಮಾತ್ರೆಯ ಹತ್ತಿರದ ಸಂಬಂಧಿ. ಅದರ ಒಂದು ಚಮಚ, ಅಂದರೆ 5 ಮಿ.ಲೀ., ಹೊಟ್ಟೆಗೆ ಹೋದರೆ 325 ಮಿ.ಗ್ರಾಂನ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆ ಒಟ್ಟಿಗೆ ನುಂಗಿದಷ್ಟಾಗುತ್ತದೆ. ಚಿಕ್ಕ ಮಗುವಿನ ಪ್ರಾಣ ತೆಗೆಯಲು ಅಷ್ಟು ಸಾಕು. ಅದೂ ಗಿಡದಿಂದಲೇ ಬಂದದ್ದು.

ಬರೀ ವಾಸನೆ ತಗೊಂಡ್ರೆ ನಿಜವಾಗ್ಲೂ ಏನಾದ್ರೂ ಆಗುತ್ತಾ, ಇಲ್ಲ ನಮ್ಮ ಭ್ರಮೆನಾ?

ಆಗುತ್ತದೆ, ಆದರೆ ಹೇಳಿಕೊಳ್ಳುವಷ್ಟೆಲ್ಲ ಅಲ್ಲ. ಮೂಗಿನ ಮೇಲ್ಭಾಗದಲ್ಲಿರುವ ವಾಸನೆಯ ನರಗಳು ಮೆದುಳಿನ ಘ್ರಾಣಕಂದಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಭಾವನೆಗೆ ಸಂಬಂಧಿಸಿದ ಅಮಿಗ್ಡಲಾ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎರಡೂ ತೀರ ಹತ್ತಿರ. ಯಾವುದೋ ಪರಿಮಳ ತಟ್ಟನೆ ಹಳೆಯ ಮನೆಯೊಂದನ್ನು ಕಣ್ಣೆದುರು ತಂದು ನಿಲ್ಲಿಸುವುದು ಇದೇ ಕಾರಣಕ್ಕೆ.

ಮನಸ್ಸಿನ ಕಳವಳ ಸ್ವಲ್ಪ ತಗ್ಗುವುದು, ಮಲಗುವ ಮುನ್ನ ದೇಹ ಸಡಿಲಾಗುವುದು, ವಾಕರಿಕೆ ಹಗುರಾಗುವುದು ಇವಕ್ಕೆ ಅಷ್ಟಿಷ್ಟು ಆಧಾರವಿದೆ. ಈ ಅಧ್ಯಯನಗಳಿಗೆ ಒಂದು ಮೂಲಭೂತ ತೊಡಕೂ ಇದೆ: ವಾಸನೆ ಇಲ್ಲದ ಲ್ಯಾವೆಂಡರ್ ಎಂಬುದು ಇಲ್ಲ. ಹಾಗಾಗಿ ತನಗೆ ಸಿಕ್ಕಿದ್ದು ಅಸಲಿಯೋ ಹುಸಿಯೋ ಎಂಬುದು ರೋಗಿಯ ಮೂಗಿಗೆ ತಿಳಿದುಹೋಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ವಾಸಿ ಮಾಡುತ್ತದೆ ಎನ್ನುವವರ ಮಾತು ನಂಬಬೇಡಿ. ಅಂಥ ಮಾತು ನಂಬಿ ಮಾತ್ರೆ ನಿಲ್ಲಿಸುವುದು ತೈಲಕ್ಕಿಂತ ದೊಡ್ಡ ಅಪಾಯ.

ಲೇಬಲ್ ಮೇಲೆ "ಥೆರಪ್ಯೂಟಿಕ್ ಗ್ರೇಡ್" ಅಂತಿದೆ. ಅದನ್ನೇ ಕೊಳ್ಳಬೇಕಾ?

ಅದು ಮಾರಾಟಗಾರರೇ ಹುಟ್ಟುಹಾಕಿದ ಪದ. ಅಂಥ ದರ್ಜೆ ಕೊಡುವ ಸ್ವತಂತ್ರ ಸಂಸ್ಥೆ ಯಾವುದೂ ಇಲ್ಲ. ನೀವು ನೋಡಬೇಕಾದದ್ದು ಬೇರೆ: ಗಿಡದ ಪೂರ್ತಿ ಸಸ್ಯಶಾಸ್ತ್ರೀಯ ಹೆಸರು, ಗಿಡದ ಯಾವ ಭಾಗದಿಂದ ತೆಗೆದದ್ದು, ಹೇಗೆ ತೆಗೆದದ್ದು, ಬ್ಯಾಚ್ ಸಂಖ್ಯೆ. ಬರೀ "ಲ್ಯಾವೆಂಡರ್" ಎಂದಿದ್ದರೆ ಸಾಲದು. ಲಾವಂಡುಲಾ ಅಂಗುಸ್ಟಿಫೋಲಿಯಾದಲ್ಲಿ ಕರ್ಪೂರದ ಅಂಶ ಅತ್ಯಲ್ಪ. ಲಾವಂಡುಲಾ ಲ್ಯಾಟಿಫೋಲಿಯಾ, ಅಂದರೆ ಸ್ಪೈಕ್ ಲ್ಯಾವೆಂಡರ್, ಆದರೆ ಕರ್ಪೂರದ ಅಂಶ ಹೆಚ್ಚಾಗಿಯೇ ಇರುತ್ತದೆ. ನಿದ್ದೆಗೆಂದು ಕೊಂಡವರಿಗೆ ಎರಡನೆಯದು ಸಿಕ್ಕಿದರೆ ಕೆಲಸ ಕೆಟ್ಟಿತು.

ಆ ಬ್ಯಾಚಿನ ಜಿ.ಸಿ.-ಎಂ.ಎಸ್. ಪರೀಕ್ಷಾ ವರದಿ ಕೇಳಿದರೆ ಕೊಡುವವರನ್ನು ನಂಬಬಹುದು. ತೈಲದಲ್ಲಿ ಯಾವ ಅಂಶ ಎಷ್ಟು ಶೇಕಡಾ ಇದೆ ಎಂಬುದು ಅದರಲ್ಲಿರುತ್ತದೆ. ಕೆಲವು ತೈಲಗಳಿಗೆ ಐ.ಎಸ್.ಓ. ಮಾನದಂಡಗಳೂ ಇವೆ, ಟೀ ಟ್ರೀಗೆ (ಆಸ್ಟ್ರೇಲಿಯಾದ ಒಂದು ಗಿಡ, ನಾವು ಕುಡಿಯುವ ಚಹಾ ಅಲ್ಲ) ಐ.ಎಸ್.ಓ. 4730, ಲ್ಯಾವೆಂಡರ್‌ಗೆ 3515. ಗುಲಾಬಿ, ಶ್ರೀಗಂಧದಂಥ ದುಬಾರಿ ತೈಲ ಅಗ್ಗಕ್ಕೆ ಸಿಕ್ಕಿತೆಂದರೆ ಅದು ಕಲಬೆರಕೆ ಎಂದೇ ತಿಳಿಯಿರಿ. ಇನ್ನು "ಫ್ರೇಗ್ರೆನ್ಸ್ ಆಯಿಲ್" ಎಂದು ಬರೆದದ್ದು ಬೇರೆಯೇ ವಸ್ತು, ಬಹುಮಟ್ಟಿಗೆ ಕೃತಕ ಸುಗಂಧ.

ಮೊದಲ ಸಲ ಕೊಳ್ತಿದ್ದೀನಿ. ಯಾವುದರಿಂದ ಶುರು ಮಾಡಲಿ?

ಲ್ಯಾವೆಂಡರ್ ಒಂದು, ಸಿಹಿ ಕಿತ್ತಳೆ ಒಂದು. ಎರಡೂ ಸೌಮ್ಯ, ಎರಡೂ ಹೆಚ್ಚಿನವರಿಗೆ ಹಿತ. ಹನ್ನೆರಡು ಬಾಟಲಿಯ ಡಬ್ಬ ಬೇಡ; ಅರ್ಧಕ್ಕರ್ಧ ಬಳಸದೆ ಹಳತಾಗುತ್ತವೆ.

## ದಿನದ ಬಳಕೆ

ರಾತ್ರಿಯಿಡೀ ಡಿಫ್ಯೂಸರ್ ಹಾಕಿಕೊಂಡು ಮಲಗಬಹುದಾ?

ಬೇಡ. ಡಿಫ್ಯೂಸರ್ ಎಂದರೆ ತೈಲದ ಪರಿಮಳವನ್ನು ಗಾಳಿಗೆ ಹರಡುವ ಸಾಧನ. ಅದನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಓಡಿಸಿ, ಅಷ್ಟೇ ಹೊತ್ತು ನಿಲ್ಲಿಸಿ. ಮೂಗು ಕೆಲವೇ ನಿಮಿಷಗಳಲ್ಲಿ ಆ ವಾಸನೆಗೆ ಒಗ್ಗಿ ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಪರಿಮಳ ಕಡಿಮೆಯಾಯಿತೆಂದು ನೀವು ಇನ್ನೆರಡು ಹನಿ ಹಾಕುತ್ತೀರಿ, ಗಾಳಿಯಲ್ಲಿ ಮಾತ್ರ ಅದು ಏರುತ್ತಲೇ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಬೆಳಗ್ಗೆ ತಲೆನೋವು, ಗಂಟಲು ಕೆರೆತದೊಂದಿಗೆ ಏಳುವವರ ಕಥೆ ಬಹುತೇಕ ಇದೇ. 100 ಮಿ.ಲೀ. ನೀರಿಗೆ 3ರಿಂದ 5 ಹನಿ ಸಾಕು. ಕಿಟಕಿ ಸ್ವಲ್ಪ ತೆರೆದಿರಲಿ, ಬಾಗಿಲು ಮುಚ್ಚಿರದಿರಲಿ. ಮಲಗುವ ಅರ್ಧ ಗಂಟೆ ಮೊದಲು ಹಾಕಿ, ದೀಪ ಆರಿಸುವಾಗ ಅದನ್ನೂ ಆರಿಸಿ.

ನೀರು ಬಳಸದೆ ತೈಲವನ್ನೇ ನೇರವಾಗಿ ಸಿಂಪಡಿಸುವ ನೆಬುಲೈಸರ್ ಮಾದರಿಯವು ಇನ್ನೂ ಜೋರು. ಅವಕ್ಕೆ ಹತ್ತು ನಿಮಿಷವೇ ಹೆಚ್ಚು.

ಡಿಫ್ಯೂಸರ್ ಇಲ್ಲದಿದ್ರೆ?

ಹತ್ತಿಯ ಉಂಡೆಗೆ ಒಂದು ಹನಿ ಹಾಕಿ ಮೂಗಿನಿಂದ ಒಂದು ಗೇಣು ದೂರ ಹಿಡಿದರಾಯಿತು. ನನಗಂತೂ ಇದೇ ಇಷ್ಟ. ಸಾಕೆನಿಸಿದಾಗ ದೂರ ಇಡಬಹುದು, ಪಕ್ಕದಲ್ಲಿ ಕೂತವರ ಮೇಲೆ ಹೇರಿದಂತೆಯೂ ಆಗುವುದಿಲ್ಲ.

ಮೈಗೆ ಹಚ್ಚೋಕೆ ಎಷ್ಟು ಹನಿಗೆ ಎಷ್ಟು ಎಣ್ಣೆ?

ದೊಡ್ಡವರಿಗೆ ಮೈಗೆ 2 ಶೇಕಡಾ, ಮುಖಕ್ಕೆ 1 ಶೇಕಡಾ ಅಥವಾ ಅದಕ್ಕೂ ಕಡಿಮೆ. ಸುಮಾರು 20 ಹನಿಗೆ 1 ಮಿ.ಲೀ. ಎಂದುಕೊಂಡರೆ, 30 ಮಿ.ಲೀ. ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ 12 ಹನಿ ಹಾಕಿದರೆ 2 ಶೇಕಡಾ, 6 ಹನಿ ಹಾಕಿದರೆ 1 ಶೇಕಡಾ. ಬೇರೆ ಬೇರೆ ತೈಲ ಬೆರೆಸುವುದಾದರೆ ಈ 12 ಎಲ್ಲದರ ಒಟ್ಟು ಮೊತ್ತ. ಒಂದೊಂದರದ್ದೂ 12 ಅಲ್ಲ. ಈ ಲೆಕ್ಕದಲ್ಲಿ ಎಡವುವವರು ಬಹಳ.

ಹನಿಯ ಗಾತ್ರವೂ ಒಂದೇ ಅಲ್ಲ. ತೆಳು ತೈಲ ಸಣ್ಣ ಹನಿಯಾಗಿ ಸರಸರ ಬೀಳುತ್ತದೆ, ಶ್ರೀಗಂಧದಂಥ ಮಂದ ತೈಲ ಬಾಟಲಿಯ ಬಾಯಲ್ಲೇ ಜೋತು ನಿಂತು ದಪ್ಪ ಹನಿಯಾಗಿ ಬೀಳುತ್ತದೆ. ಬಾಟಲಿಯನ್ನು ಓರೆಯಾಗಿ ಹಿಡಿದು ಕಾಯಿರಿ, ಕುಲುಕಬೇಡಿ.

ಈ ಪ್ರಮಾಣ ಎಲ್ಲಕ್ಕೂ ಹೊಂದುವುದಿಲ್ಲ. ಲವಂಗದ ತೈಲ ಅರ್ಧ ಶೇಕಡಾ ಮೀರಬಾರದು. ದಾಲ್ಚಿನ್ನಿ ತೊಗಟೆಯ ತೈಲ ಚರ್ಮಕ್ಕೆ ಬೇಡವೇ ಬೇಡ, ಉರಿಯ ಜೊತೆಗೆ ಅಲರ್ಜಿಯನ್ನೂ ತರುತ್ತದೆ.

ಲ್ಯಾವೆಂಡರ್, ಟೀ ಟ್ರೀ ಎರಡನ್ನೂ ಹಾಗೇ ಹಚ್ಚಬಹುದು ಅಂತಾರಲ್ಲ?

ಅನ್ನುತ್ತಾರೆ, ಒಪ್ಪಬೇಡಿ. ಇವತ್ತು ಏನೂ ಆಗದಿದ್ದರೂ ಚರ್ಮ ಒಳಗೊಳಗೇ ಅದನ್ನು ಗುರುತಿಟ್ಟುಕೊಳ್ಳಬಹುದು. ಅದರ ಪರಿಣಾಮವನ್ನು ಮುಂದೆ ತುರಿಕೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಪ್ಯಾಚ್ ಟೆಸ್ಟ್ ಹೇಗೆ ಮಾಡೋದು?

ಹಚ್ಚಬೇಕೆಂದಿರುವ ಅದೇ ಮಿಶ್ರಣದ ಒಂದೆರಡು ಹನಿಯನ್ನು ಮುಂಗೈಯ ಒಳಭಾಗಕ್ಕೆ ಸವರಿ, ಬ್ಯಾಂಡೇಜ್ ಅಂಟಿಸಿ, ನೀರು ಸೋಕಿಸದೆ 24ರಿಂದ 48 ಗಂಟೆ ಬಿಡಿ. ಮಧ್ಯೆ ಉರಿಯಾದರೆ ತೆಗೆದು ಸೋಪಿನಿಂದ ತೊಳೆಯಿರಿ. ಬ್ಯಾಂಡೇಜ್ ಬಿಚ್ಚಿದಾಗ ಅಂಟಿನ ಜಾಗ ಮಾತ್ರ ಕೆಂಪಾಗಿದ್ದರೆ ಅದು ಅಂಟಿನದು. ನಡುವಿನ ಜಾಗ ಕೆಂಪಾಗಿ ಉಬ್ಬಿದ್ದರೆ ಆ ತೈಲ ನಿಮಗಲ್ಲ.

ಮೊಡವೆಗೆ ಟೀ ಟ್ರೀ ಕೆಲಸ ಮಾಡುತ್ತಾ?

ಸಾಧಾರಣ ಮೊಡವೆಗೆ ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 5 ಶೇಕಡಾ ಟೀ ಟ್ರೀ ಜೆಲ್ಲನ್ನು ಮೊಡವೆಗೆ ಹಚ್ಚುವ ಔಷಧಿಯಾದ ಬೆಂಜಾಯಿಲ್ ಪೆರಾಕ್ಸೈಡ್‌ನ ಅಷ್ಟೇ ಪ್ರಮಾಣದ ಜೊತೆ ಹೋಲಿಸಿದ್ದರು. ಎರಡೂ ಕೆಲಸ ಮಾಡಿದವು. ಟೀ ಟ್ರೀ ನಿಧಾನ, ಆದರೆ ಒಣಗುವುದು ಉರಿಯುವುದು ಕಡಿಮೆ. ಈ ಉದ್ದೇಶಕ್ಕೆ ಸಿದ್ಧ ಜೆಲ್ ಕೊಳ್ಳುವುದು ಮೇಲು, ಮನೆಯಲ್ಲಿ ಬೆರೆಸಿ ಮುಖಕ್ಕೆ 5 ಶೇಕಡಾ ಹಚ್ಚುವ ಸಾಹಸ ಬೇಡ.

ಸ್ನಾನದ ನೀರಿಗೆ ನಾಲ್ಕು ಹನಿ ಹಾಕಿಕೊಂಡೆ, ಮೈಯೆಲ್ಲ ಉರಿ. ಯಾಕೆ?

ತೈಲ ನೀರಿನಲ್ಲಿ ಕರಗುವುದಿಲ್ಲ. ಮೇಲೆ ತೇಲುತ್ತಿದ್ದು ಗಾಢವಾಗಿಯೇ ಬಂದು ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಅದೂ ಮೃದುವಾದ ಜಾಗಗಳಿಗೆ. ಉಪ್ಪಿನಲ್ಲಿ ಕಲಸಿ ಹಾಕಿದರೂ ಅದೇ ಕಥೆ, ಉಪ್ಪು ಕರಗುತ್ತದೆ, ತೈಲ ಮತ್ತೆ ತೇಲುತ್ತದೆ. ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯಲ್ಲಿ ಬೆರೆಸಿ ಮೈಗೆ ಸವರಿಕೊಂಡು ಸ್ನಾನ ಮಾಡಿ. ನೆಲ ಜಾರುತ್ತದೆ, ಜೋಕೆ.

ನಿಂಬೆ ತೈಲ ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು ಅನ್ನೋದು ನಿಜನಾ?

ನಿಜ. ಬೆರ್ಗಮೊಟ್, ನಿಂಬೆ ಜಾತಿಯ ಸಿಪ್ಪೆ ಹಿಂಡಿ ತೆಗೆದ ತೈಲಗಳಲ್ಲಿ ಬೆರ್ಗಾಪ್ಟೆನ್‌ನಂಥ ಅಂಶಗಳಿರುತ್ತವೆ. ಇವು ಚರ್ಮದ ಮೇಲಿರುವಾಗ ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಸುಟ್ಟಂತೆ ಕೆಂಪಾಗಿ, ಗುಳ್ಳೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಕಂದು ಕಲೆ ಉಳಿಯಬಹುದು. ಬೆರ್ಗಮೊಟ್‌ಗೆ ಸುಗಂಧ ಉದ್ಯಮವೇ ಹಾಕಿಕೊಂಡಿರುವ ಮಿತಿ 0.4 ಶೇಕಡಾ, ಅಂದರೆ 30 ಮಿ.ಲೀ. ಎಣ್ಣೆಗೆ ಎರಡು ಹನಿ. ಹಚ್ಚಿದ ಮೇಲೆ ಕನಿಷ್ಠ 12 ಗಂಟೆ ಆ ಭಾಗಕ್ಕೆ ಬಿಸಿಲು ಬೇಡ. ಸಿಹಿ ಕಿತ್ತಳೆಗೆ ಈ ತೊಂದರೆ ಇಲ್ಲ. ಹಬೆಯಲ್ಲಿ ಬಟ್ಟಿ ಇಳಿಸಿದ ನಿಂಬೆ ತೈಲಕ್ಕೂ ಇಲ್ಲ, ಆ ಭಾರದ ಅಂಶಗಳು ಹಬೆಯೊಂದಿಗೆ ಮೇಲೇರುವುದಿಲ್ಲ.

ನೀರಿಗೆ ಒಂದು ಹನಿ ಹಾಕಿ ಕುಡಿದ್ರೆ ಜೀರ್ಣಕ್ಕೆ ಒಳ್ಳೇದಂತೆ?

ಬೇಡ. ಹನಿ ನೀರಿನಲ್ಲಿ ಕರಗದೆ ಬಾಯಿ, ಅನ್ನನಾಳದ ಪದರಕ್ಕೆ ನೇರವಾಗಿ ತಾಗುತ್ತದೆ. ಕರುಳಿನ ತೊಂದರೆಗೆ ವೈದ್ಯರು ಕೊಡುವ ಪೆಪ್ಪರ್‌ಮಿಂಟ್ ತೈಲದ ಕ್ಯಾಪ್ಸೂಲ್ ಬೇರೆ ಮಾತು: ಅದರಲ್ಲಿ ಪ್ರಮಾಣ ನಿಗದಿಯಾಗಿರುತ್ತದೆ, ಹೊಟ್ಟೆಯಲ್ಲಿ ಒಡೆಯದೆ ಕರುಳಿನಲ್ಲಿ ಒಡೆಯುವಂಥ ಹೊದಿಕೆ ಇರುತ್ತದೆ. ಅದು ಔಷಧಿ. ಡಿಫ್ಯೂಸರ್‌ಗೆ ಕೊಂಡ ಬಾಟಲಿ ಔಷಧಿಯಲ್ಲ.

## ಹೆಚ್ಚು ಎಚ್ಚರ ಬೇಕಾದವರು

ಮಗುವಿಗೆ ಶೀತ. ಎದೆಗೆ ನೀಲಗಿರಿ ಎಣ್ಣೆ ಹಚ್ಚಲಾ?

3 ವರ್ಷದೊಳಗಿನ ಮಗುವಿಗೆ ನೀಲಗಿರಿ, ಪೆಪ್ಪರ್‌ಮಿಂಟ್, ಕರ್ಪೂರ ಮೂರೂ ಬೇಡ. ಎಳೆಮಗುವಿನ ಮೂಗಿನ ಹತ್ತಿರ ಮೆಂಥಾಲ್ ಬಂದರೆ ಗಂಟಲ ನಾಳ ಹಠಾತ್ತನೆ ಬಿಗಿದು ಉಸಿರು ನಿಲ್ಲಬಹುದು. ಮೂಗಿನೊಳಗೆ, ತುಟಿಯ ಮೇಲೆ ಸವರುವುದಂತೂ ಯಾವ ವಯಸ್ಸಿನ ಮಗುವಿಗೂ ಕೂಡದು. ಕರ್ಪೂರ ಹೊಟ್ಟೆಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ತರಬಲ್ಲದು.

ಬಿಸಿನೀರಿನ ಪಾತ್ರೆಯ ಮೇಲೆ ಮಗುವನ್ನು ಬಗ್ಗಿಸಿ ಹಬೆ ಹಿಡಿಸುವುದೂ ಬೇಡ. ತೈಲಕ್ಕಿಂತ ಮೊದಲು ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಭಯ. ಶೀತ ಕಟ್ಟಿದ ಮೂಗಿಗೆ ಸಲೈನ್ ಹನಿ ಸಾಕು. ಮಗು ಎದೆ ಸೆಳೆದು ಉಸಿರಾಡುತ್ತಿದ್ದರೆ ಯಾವ ಎಣ್ಣೆಗೂ ಕಾಯದೆ ವೈದ್ಯರ ಬಳಿ ಹೋಗಿ.

ನಾನು ಗರ್ಭಿಣಿ. ಪೂರ್ತಿ ಬಿಡಬೇಕಾ?

ಮೊದಲ ಮೂರು ತಿಂಗಳು ಬಿಡುವುದೇ ವಾಸಿ. ಆಮೇಲೆ ಮೂಸುವ ಮಟ್ಟಿಗೆ ಲ್ಯಾವೆಂಡರ್, ಕಿತ್ತಳೆ ಪರವಾಗಿಲ್ಲ. ಹಚ್ಚುವುದಾದರೆ 1 ಶೇಕಡಾ ಮೀರದಂತೆ, ನೋಡುತ್ತಿರುವ ವೈದ್ಯರಿಗೆ ತಿಳಿಸಿ. ಪೆನಿರಾಯಲ್, ವರ್ಮ್‌ವುಡ್, ರೂ, ಸೇಜ್, ವಿಂಟರ್‌ಗ್ರೀನ್, ಕರ್ಪೂರ ಇವು ಹತ್ತಿರ ಸುಳಿಯಬಾರದು. ಪೆನಿರಾಯಲ್‌ನಲ್ಲಿರುವ ಪುಲೆಗೋನ್ ಯಕೃತ್ತನ್ನೇ ಕೆಡಿಸುತ್ತದೆ.

ಆಸ್ತಮಾ ಇದೆ, ಮನೆಯವರಿಗೆ ಫಿಟ್ಸ್ ಇದೆ. ಬಳಸಬಹುದಾ?

ಆಸ್ತಮಾ ಇರುವವರಿಗೆ ಯಾವ ಗಾಢ ವಾಸನೆಯೂ ಉಬ್ಬಸ ಎಬ್ಬಿಸಬಹುದು, ಅದು ಶುದ್ಧವೋ ಕೃತಕವೋ ಎಂಬುದು ಶ್ವಾಸನಾಳಕ್ಕೆ ಲೆಕ್ಕವಿಲ್ಲ. ಡಿಫ್ಯೂಸರ್ ಬಿಟ್ಟುಬಿಡಿ. ಫಿಟ್ಸ್ ಇರುವವರ ಮನೆಯಲ್ಲಿ ಕರ್ಪೂರ, ನೀಲಗಿರಿ, ರೋಸ್ಮರಿ, ಸೇಜ್, ಹಿಸ್ಸಪ್ ತೈಲಗಳು ಬೇಡ.

ರಕ್ತ ತೆಳುವಾಗೋ ಮಾತ್ರೆ ತಗೋತೀನಿ. ಮಂಡಿಗೆ ನೋವಿನ ಎಣ್ಣೆ ಹಚ್ಚಿದ್ರೆ ಏನಾಗುತ್ತೆ, ಹೊರಗೆ ತಾನೆ?

ಹೊರಗೆ ಹಚ್ಚಿದ್ದು ಹೊರಗೇ ಉಳಿಯುವುದಿಲ್ಲ. ಮೀಥೈಲ್ ಸ್ಯಾಲಿಸಿಲೇಟ್ ಚರ್ಮದ ಮೂಲಕ ರಕ್ತಕ್ಕೆ ಸೇರಿ, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಪರಿಣಾಮ ಹೆಚ್ಚಿಸುತ್ತದೆ. ಮುಲಾಮು ಹಚ್ಚಿಕೊಂಡವರಲ್ಲಿ ರಕ್ತಸ್ರಾವವಾದದ್ದು ದಾಖಲಾಗಿದೆ. ಲೇಬಲ್‌ನಲ್ಲಿ ಆ ಹೆಸರೋ ವಿಂಟರ್‌ಗ್ರೀನ್ ಎಂದೋ ಇದ್ದರೆ ವೈದ್ಯರನ್ನು ಕೇಳದೆ ಹಚ್ಚಬೇಡಿ. ಹಚ್ಚಿದ ಮೇಲೆ ಬಿಸಿ ಶಾಖ ಕೊಟ್ಟರೆ ಒಳಗೆ ಹೋಗುವುದು ಇನ್ನೂ ಹೆಚ್ಚು.

ಮನೇಲಿ ಬೆಕ್ಕಿದೆ.

ಹಾಗಿದ್ದರೆ ಟೀ ಟ್ರೀ ತೈಲ ಮನೆಯಲ್ಲೇ ಬೇಡ ಎನ್ನುತ್ತೇನೆ. ಇಂಥ ಅಂಶಗಳನ್ನು ಒಡೆದು ಹೊರಹಾಕುವ ಗ್ಲುಕುರೊನಿಡೇಷನ್ ಎಂಬ ಕ್ರಿಯೆ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. ಚಿಗಟಕ್ಕೆಂದು ಹಚ್ಚಿದ ತೈಲವನ್ನು ಬೆಕ್ಕು ನೆಕ್ಕಿಕೊಳ್ಳುತ್ತದೆ. ನಡುಕ, ತೂರಾಡುವುದು, ಜೊಲ್ಲು ಸುರಿಯುವುದು ಶುರುವಾಗುತ್ತದೆ. ಹಾಗೆ ಕಂಡರೆ ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ. ನಾಯಿಗೂ ಟೀ ಟ್ರೀ ವಿಷವೇ. ಡಿಫ್ಯೂಸರ್ ಹಾಕುವುದಾದರೆ ಪ್ರಾಣಿ ಎದ್ದು ಬೇರೆ ಕೋಣೆಗೆ ಹೋಗಲು ದಾರಿ ಇರಲಿ.

## ಅನಾಹುತವಾದಾಗ

ಮಗು ಬಾಟಲಿ ಬಾಯಿಗಿಟ್ಟುಕೊಂಡಿದೆ. ವಾಂತಿ ಮಾಡಿಸಲಾ?

ಮಾಡಿಸಬೇಡಿ. ಮೇಲೆ ಬರುವಾಗ ತೈಲ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಅದು ಹೊಟ್ಟೆಯಲ್ಲಿರುವುದಕ್ಕಿಂತ ಕಷ್ಟ. ಬಾಯಿ ಒರೆಸಿ, ಬಾಟಲಿಯನ್ನು ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೊರಡಿ. ಎಷ್ಟು ಕುಡಿದಿದೆ ಎಂದು ತಿಳಿಯಲು ಬಾಟಲಿಯಲ್ಲಿ ಉಳಿದದ್ದೇ ವೈದ್ಯರಿಗೆ ಆಧಾರ. ಮಗು ಚೆನ್ನಾಗಿಯೇ ಆಡುತ್ತಿದೆ ಎಂದು ಮನೆಯಲ್ಲಿ ಕಾಯಬೇಡಿ. ನೀಲಗಿರಿ ಕುಡಿದ ಮಗು ಅರ್ಧ ಗಂಟೆಯಲ್ಲೇ ಮಂಪರಿಗೆ ಜಾರಬಹುದು. ದಾರಿಯಲ್ಲಿ ಕೆಮ್ಮು, ಮಂಪರು, ನಡುಕ ಕಂಡರೆ ಹೋದ ಕೂಡಲೇ ಹೇಳಿ.

ಕಣ್ಣಿಗೆ ಸಿಡಿದ್ರೆ?

ಲೆನ್ಸ್ ಇದ್ದರೆ ತೆಗೆದು, ಹರಿಯುವ ತಣ್ಣೀರಿನಲ್ಲಿ ರೆಪ್ಪೆ ಬಿಡಿಸಿ 15 ನಿಮಿಷ ತೊಳೆಯಿರಿ. ಉರಿ ಉಳಿದರೆ ಕಣ್ಣಿನ ವೈದ್ಯರು. ಚರ್ಮದ ಮೇಲೆ ಗಾಢ ತೈಲ ಚೆಲ್ಲಿದರೆ ಮೊದಲು ಅಡುಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪು.

## ಬಳಸಿ ರೂಢಿಯಾದವರು ಕೇಳುವುದು

ಎರಡು ವರ್ಷದಿಂದ ಅದೇ ಲ್ಯಾವೆಂಡರ್ ಹಚ್ತಿದ್ದೆ, ಈಗ ಇದ್ದಕ್ಕಿದ್ದಂಗೆ ತುರಿಕೆ. ಹೊಸ ಬಾಟಲಿ ಸರಿಯಿಲ್ವಾ?

ಬಾಟಲಿ ಸರಿಯಿದ್ದರೂ ಹೀಗಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಒಂದು ಅಂಶವನ್ನು ಶತ್ರುವೆಂದು ಗುರುತಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಒಮ್ಮೆ ಗುರುತಿಸಿದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮುಂದೆ ಕಣದಷ್ಟು ತಾಗಿದರೂ ಒಂದೆರಡು ದಿನದಲ್ಲಿ ತುರಿಕೆ ಏಳುತ್ತದೆ. ಲ್ಯಾವೆಂಡರ್‌ನಲ್ಲಿರುವ ಲಿನಲೂಲ್ ಸೋಪು, ಶಾಂಪೂ, ಕ್ರೀಮುಗಳಲ್ಲೂ ಇರುತ್ತದೆ, ಹಾಗಾಗಿ ಕಷ್ಟ ತೈಲದೊಂದಿಗೇ ಮುಗಿಯುವುದಿಲ್ಲ. ಚರ್ಮದ ವೈದ್ಯರ ಹತ್ತಿರ ಸರಿಯಾದ ಪರೀಕ್ಷೆ ಮಾಡಿಸಿ, ಯಾವ ಅಂಶ ಎಂದು ತಿಳಿದುಕೊಂಡು, ಮುಂದೆ ಲೇಬಲ್ ಓದಿ ಕೊಳ್ಳಿ. ದಿನಾ ಮೈಗೆ ಹಾಗೇ ಹಚ್ಚಿಕೊಂಡು ಕೈಯ ಚರ್ಮ ಕೆಡಿಸಿಕೊಂಡ ಮಸಾಜ್ ಕೆಲಸದವರನ್ನು ನೆನೆದಾಗೆಲ್ಲ ಬೇಸರವಾಗುತ್ತದೆ. ಬೆರೆಸಿ ಹಚ್ಚಿ ಎಂದು ಮೊದಲೇ ಯಾರಾದರೂ ಹೇಳಬೇಕಿತ್ತು.

ಬಾಟಲಿ ಎಷ್ಟು ವರ್ಷ ಇಡಬಹುದು? ಎಣ್ಣೆ ಕೊಳೆಯಲ್ಲ ತಾನೆ?

ಕೊಳೆಯದು, ಗಾಳಿ ತಾಗಿ ಕೆಡುತ್ತದೆ. ಕಿತ್ತಳೆ, ನಿಂಬೆ ತೈಲದ ಲಿಮೋನೀನ್, ಲ್ಯಾವೆಂಡರ್‌ನ ಲಿನಲೂಲ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹೈಡ್ರೊಪೆರಾಕ್ಸೈಡ್‌ಗಳಾಗುತ್ತವೆ. ಅಲರ್ಜಿ ಹುಟ್ಟಿಸುವಲ್ಲಿ ಇವು ಮೂಲ ತೈಲಕ್ಕಿಂತ ಬಲು ಜೋರು. ಕಿತ್ತಳೆ, ನಿಂಬೆಯವು ತೆರೆದ ಮೇಲೆ ಒಂದು ವರ್ಷ, ಟೀ ಟ್ರೀ ಕೂಡ ಹೆಚ್ಚು ಬಾಳುವುದಿಲ್ಲ, ಉಳಿದವು ಎರಡು ಮೂರು ವರ್ಷ. ಶ್ರೀಗಂಧ, ಪಚೋಲಿ ಮಾತ್ರ ಇನ್ನೂ ದೀರ್ಘ.

ತೆರೆದ ದಿನಾಂಕವನ್ನು ಬಾಟಲಿಯ ಮೇಲೇ ಬರೆಯಿರಿ. ಕೆಟ್ಟ ಕಿತ್ತಳೆ ತೈಲದಲ್ಲಿ ಹಣ್ಣಿನ ಸಿಹಿ ಹೋಗಿ ಟರ್ಪೆಂಟೈನ್ ನಾತ ಇಣುಕುತ್ತದೆ, ಬಾಟಲಿಯ ಬಾಯಲ್ಲಿ ಅಂಟಂಟು ಕಾಣುತ್ತದೆ. ಗಾಢ ಬಣ್ಣದ ಗಾಜು, ಬಿಗಿ ಮುಚ್ಚಳ, ತಂಪು ಕಪಾಟು, ಮಕ್ಕಳಿಗೆ ಎಟುಕದಂತೆ ಬೀಗ. ದೀಪ, ಒಲೆಯ ಹತ್ತಿರ ಬೇಡ. ನೀಲಗಿರಿ ತೈಲದ ಆವಿ 50 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಬೆಂಕಿ ಹಿಡಿಯಬಲ್ಲದು.

ಮನೆಯಲ್ಲೇ ನೀರು, ತೈಲ ಹಾಕಿ ಸ್ಪ್ರೇ ಮಾಡಿಟ್ಟಿದ್ದೀನಿ. ತೈಲ ಕ್ರಿಮಿ ಕೊಲ್ಲುತ್ತಲ್ಲ, ಕೆಡಲ್ಲ ತಾನೆ?

ಕೆಡುತ್ತದೆ. ಹತ್ತಿಪ್ಪತ್ತು ಹನಿ ತೈಲ ಒಂದು ಬಾಟಲಿ ನೀರನ್ನು ಕಾಪಾಡದು. 2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಎಂಬ ಅಪರೂಪದ ಸೋಂಕು ತಗಲಿತು, ಇಬ್ಬರು ತೀರಿಕೊಂಡರು. ಹುಡುಕುತ್ತ ಹೋದಾಗ ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಲ್ಯಾವೆಂಡರ್ ಪರಿಮಳದ ಕೋಣೆ ಸ್ಪ್ರೇ ಬಾಟಲಿಯಲ್ಲಿ. ಮನೆಯಲ್ಲಿ ಮಾಡುವುದಾದರೆ ಆ ದಿನಕ್ಕೆ ಬೇಕಾದಷ್ಟೇ ಮಾಡಿ, ಕುಲುಕಿ ಬಳಸಿ, ಉಳಿದದ್ದು ಚೆಲ್ಲಿ.

ಜ್ವರ ಬಂದುಹೋದ ಮೇಲೆ ವಾಸನೆಯೇ ಗೊತ್ತಾಗ್ತಿಲ್ಲ. ತೈಲ ಮೂಸಿದ್ರೆ ವಾಪಸ್ ಬರುತ್ತಾ?

ಈ ಕ್ಷೇತ್ರದಲ್ಲಿ ನನಗೆ ತುಂಬ ಭರವಸೆ ಕೊಟ್ಟ ವಿಷಯವಿದು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ ಸರಳ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, 12 ವಾರ ಮೂಸುವುದು. ಕೋವಿಡ್ ನಂತರ ಇದು ಜಗತ್ತಿನೆಲ್ಲೆಡೆ ಹಬ್ಬಿತು. ನಾಲ್ಕು ಸಣ್ಣ ಗಾಜಿನ ಭರಣಿಗಳಲ್ಲಿ ದಪ್ಪ ಕಾಗದದ ಚೂರಿಟ್ಟು, ಒಂದೊಂದಕ್ಕೂ ಒಂದೊಂದು ತೈಲದ ಹನಿ ಹಾಕಿ ಮುಚ್ಚಿಡಿ. ಪ್ರತಿಯೊಂದನ್ನೂ ಹತ್ತು ಹದಿನೈದು ಸೆಕೆಂಡು ಮೆಲ್ಲಗೆ ಮೂಸಿ, ಆ ವಾಸನೆ ಹೇಗಿತ್ತೆಂದು ಮನಸ್ಸಿನಲ್ಲಿ ತಂದುಕೊಳ್ಳಿ. ಮೊದಲ ವಾರಗಳಲ್ಲಿ ಏನೂ ತಿಳಿಯದಿರಬಹುದು, ಅಥವಾ ಎಲ್ಲವೂ ಸುಟ್ಟ ವಾಸನೆಯಂತೆ ಬರಬಹುದು, ನಿಲ್ಲಿಸಬೇಡಿ. ತಲೆಗೆ ಪೆಟ್ಟು ಬಿದ್ದ ಮೇಲೆ ವಾಸನೆ ಹೋಗಿದ್ದರೆ, ಒಂದೇ ಹೊಳ್ಳೆಯಲ್ಲಿ ಹೋಗಿದ್ದರೆ, ಇಲ್ಲವೇ ಕಾರಣವೇ ತಿಳಿಯದೆ ಹೋಗಿದ್ದರೆ ಭರಣಿ ತೆರೆಯುವ ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.